ಹೊಂಗೆಕೊಪ್ಪಲಿನ ಹುಣ್ಣಿಮೆ

ಅಮ್ಮ ತೀರಿಕೊಂಡ ವರ್ಷವೇ ಸಂಘಮಿತ್ರಾಗೆ ಕೊಳ್ಳೇಗಾಲದಿಂದ ಮಲ್ಲಿಪಟ್ಟಣದ ದನದ ಆಸ್ಪತ್ರೆಗೆ ವರ್ಗವಾಯಿತು. ಪಶುವೈದ್ಯಕೀಯ ಪರೀಕ್ಷಕಿಯ ಕೆಲಸ. ಹಳ್ಳಿಯವರ ಬಾಯಲ್ಲಿ ದನದ ಡಾಕ್ಟ್ರಮ್ಮ. ಮಲ್ಲಿಪಟ್ಟಣದಲ್ಲಿ ಒಂಟಿ ಹೆಂಗಸಿಗೆ ಮನೆ ಕೊಡುವವರು ಸಿಗದೆ, ಅರಕಲಗೂಡಿನಲ್ಲಿ ರೇವಮ್ಮನವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಳು. ರೇವಮ್ಮನವರಿಗೆ ಎಪ್ಪತ್ತರ ಹತ್ತಿರ. ಹಣೆಯ ಮೇಲೆ ಸದಾ ವಿಭೂತಿ, ಕೊರಳಲ್ಲಿ ಲಿಂಗ. ಗಂಡ ನಡೆಸುತ್ತಿದ್ದ ಜವಳಿ ಅಂಗಡಿಯನ್ನು ಈಗ ಮಗ ಪರಮೇಶ್ ನೋಡಿಕೊಳ್ಳುತ್ತಿದ್ದ.

ಸಾಮಾನು ಇಳಿಸುವ ದಿನ ರೇವಮ್ಮ ಯಾವ ಜನ ಎಂದು ಕೇಳಿದರು. ಬೌದ್ಧರು ಎಂದಳು. ಹಾಗೆಂದರೆ ಶ್ರವಣಬೆಳಗೊಳದವರ ತರಹವೋ ಎಂದರು. ಅಲ್ಲ ಎಂದಳು. ಅವಳ ಕಂಕುಳಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಬುದ್ಧನ ಮೂರ್ತಿಯಿತ್ತು. ರೇವಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿ, ಮುಖ ಶಾಂತವಾಗಿದೆ ಎಂದು ಹೇಳಿ ಬೀಗದ ಕೈ ಕೊಟ್ಟರು. ಕೆಲವು ವಾರಗಳ ನಂತರ, ಈ ಕಡೆ ಬೌದ್ಧರಾದವರು ಮೊದಲು ಯಾವ ಕೇರಿಯವರು ಎಂದು ಯಾರೋ ಅವರಿಗೆ ತಿಳಿಯಹೇಳಿರಬೇಕು. ಮನೆ ಬಿಡು ಎಂದು ಅವರು ಹೇಳಲಿಲ್ಲ. ಬೆಳಗಿನ ಕಾಫಿ ಕೊಡುವುದನ್ನೂ ನಿಲ್ಲಿಸಲಿಲ್ಲ. ಆದರೆ ಕೈಗೆ ಕೊಡುತ್ತಿದ್ದ ಲೋಟ ಮೆಟ್ಟಿಲಿನ ತಿರುವಿನ ಕಿಟಕಿಕಟ್ಟೆಗೆ ಬಂತು. ಸಂಘಮಿತ್ರಾ ಅದನ್ನು ಕುಡಿದು, ತೊಳೆದು, ಅಲ್ಲೇ ಬೋರಲು ಹಾಕುತ್ತಿದ್ದಳು.

ಆ ಊರಿನ ಮಳೆಗಾಲ ಅವಳಿಗೆ ಕನಸಿನ ಒಳಗೆ ನಡೆದಂತೆ ಇತ್ತು. ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟರೆ ಮುಂದಿನ ರಸ್ತೆ ಮಂಜಿನಲ್ಲಿ ಕರಗಿರುತ್ತಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಂದ ಸಿಹಿಯಾದ ಘಾಟು ಬಂದು ಮಂಜಿಗೆ ಸೇರುತ್ತಿತ್ತು. ಶುಂಠಿ ಹೊಲಗಳಲ್ಲಿ ಮಳೆ ತಡೆಯಲು ಗೊರಗ ಹೊದ್ದವರು ಬಾಗಿ ನಿಂತಿರುತ್ತಿದ್ದರು, ಮನುಷ್ಯರೋ ಬೊಂಬೆಗಳೋ ಗೊತ್ತಾಗುತ್ತಿರಲಿಲ್ಲ. ಎಲ್ಲವೂ ಹತ್ತಿರ ಬಂದ ಮೇಲೆಯೇ ಕಾಣುತ್ತಿತ್ತು, ದಾಟಿದ ಕೂಡಲೇ ಇಲ್ಲವಾಗುತ್ತಿತ್ತು.

ಹೊರಡುವ ಮುಂಚೆ ಅವಳು ಬುದ್ಧವಂದನೆಗೆ ಕೂರುತ್ತಿದ್ದಳು. ಚಿಕ್ಕಂದಿನಿಂದ ಅದು ಅಮ್ಮನ ಜೊತೆ ಹೇಳುವಂಥದ್ದು. ಅಮ್ಮ ಒಂದು ಸಾಲು, ಇವಳು ಒಂದು ಸಾಲು. ತಾತ ಬೌದ್ಧ ದೀಕ್ಷೆ ತಗೊಂಡ ಮೇಲೆ ಮನೆಯಲ್ಲಿ ನಡೆದುಬಂದ ಕ್ರಮ ಅದು. ಈಗ ಒಬ್ಬಳೇ ಕೂತು ಒಂದು ಸಾಲು ಹೇಳಿ, ಅಭ್ಯಾಸಬಲದಿಂದ ತಡೆಯುತ್ತಿದ್ದಳು. ಎದುರು ಸಾಲು ಬರುತ್ತಿರಲಿಲ್ಲ. ಕೆಳಗೆ ರೇವಮ್ಮನವರ ಪೂಜೆಯ ಗಂಟೆ ಕೇಳಿಸುತ್ತಿತ್ತು, ಹೊರಗೆ ಸೋನೆ ಸುರಿಯುತ್ತಿತ್ತು. ಎರಡನೆಯ ಸಾಲನ್ನೂ ತಾನೇ ಹೇಳಿ ಎದ್ದುಬಿಡುತ್ತಿದ್ದಳು. ಇನ್ನೊಂದು ದನಿ ಬೇಕು ಎಂದು ಆಗ ಅನಿಸಿತು. ಅದನ್ನು ಹುಡುಕಲು ಭಾನುವಾರಗಳನ್ನು ಎತ್ತಿಟ್ಟಳು.

ಮೊದಲು ಹೋದದ್ದು ಹಾಸನಕ್ಕೆ. ವೈದ್ಯರೊಬ್ಬರ ಮನೆಯ ಮೇಲಂತಸ್ತಿನಲ್ಲಿ ಒಂದು ಧ್ಯಾನದ ಗುಂಪು ಸೇರುತ್ತಿತ್ತು. ಬಿಳಿ ಗೋಡೆ, ಬಿಳಿ ಹಾಸು. ಮಾನಸಾ ಎಂಬ ವಕೀಲೆ ಬಾಗಿಲಲ್ಲೇ ಪಿಸುಮಾತಿನಲ್ಲಿ ಹೇಳಿದರು: ಇಲ್ಲಿ ಮಾತಿಲ್ಲ, ಮಂತ್ರವೂ ಇಲ್ಲ, ಉಸಿರನ್ನು ನೋಡುವುದಷ್ಟೆ. ಸಂಘಮಿತ್ರಾ ನೋಡಿದಳು. ಮನಸ್ಸು ತಿಳಿಯಾಯಿತು ಎನ್ನುವುದೇನೂ ಸುಳ್ಳಲ್ಲ. ಆದರೆ ಗಂಟೆ ಬಾರಿಸಿದ ಮೇಲೆ ಎಲ್ಲರೂ ಗಾಳಿಗೆ ಬಿಟ್ಟ ಹತ್ತಿಯ ಹಾಗೆ ತೇಲಿ ತಮ್ಮತಮ್ಮ ಕಾರಿಗೆ ಹೋದರು. ನಾಲ್ಕು ವಾರ ಹೋದರೂ ಯಾರೂ ಅವಳ ಊರು ಕೇಳಲಿಲ್ಲ.

ಚನ್ನರಾಯಪಟ್ಟಣದಲ್ಲಿ ಹಾಗಾಗಲಿಲ್ಲ. ಅಲ್ಲಿಯ ಬೌದ್ಧ ಸಂಘವನ್ನು ನಡೆಸುತ್ತಿದ್ದ ಮೋಹನ್‌ಕುಮಾರ್ ಮೇಷ್ಟ್ರು ಬಸ್‌ಸ್ಟ್ಯಾಂಡಿಗೇ ಬಂದು ಕರೆದುಕೊಂಡು ಹೋದರು. ಊರು ಕೇಳಿದರು, ತಾತನ ಹೆಸರು ಕೇಳಿದರು, ಊಟ ಮಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಅವಳನ್ನು ಮಹಿಳಾ ಘಟಕದ ಕಾರ್ಯದರ್ಶಿ ಮಾಡಿ ಮೈಕು ಕೊಟ್ಟರು. ಅಮ್ಮ ಹೋದ ಸುದ್ದಿ ತಿಳಿದಾಗ ಅವರ ಕಣ್ಣು ನಿಜವಾಗಿ ಒದ್ದೆಯಾಯಿತು; ಫೋಟೊ ಕಳಿಸಿ, ಫ್ಲೆಕ್ಸ್ ಮಾಡಿಸಿ ಶ್ರದ್ಧಾಂಜಲಿ ಸಭೆ ಇಡೋಣ ಎಂದರು. ತಾತನೂ ಇಂಥ ಮೈಕುಗಳ ಮುಂದೆ ನಿಂತೇ ಇವಳಿಗೆ ಓದುವ ದಾರಿ ಮಾಡಿಕೊಟ್ಟವನು. ಅದನ್ನು ಅವಳು ಮರೆತಿರಲಿಲ್ಲ. ಆದರೂ ಅಮ್ಮನನ್ನು ಫ್ಲೆಕ್ಸಿನಲ್ಲಿ ನೋಡುವ ಧೈರ್ಯ ಬರದೆ, ಸದ್ಯಕ್ಕೆ ಬೇಡ ಸಾರ್ ಎಂದು ಕೈಮುಗಿದು ಬಂದಳು.

ಬೈಲಕುಪ್ಪೆಗೂ ಒಮ್ಮೆ ಹೋದಳು. ಕೆಂಪು ವಸ್ತ್ರದ ನೂರಾರು ಭಿಕ್ಷುಗಳು ಒಟ್ಟಿಗೆ ಪಠಿಸುತ್ತಿದ್ದರು. ಆ ದನಿ ನೆಲದೊಳಗಿಂದ ಬಂದು ಮೂಳೆಗೆ ತಾಗುತ್ತಿತ್ತು. ಒಂದು ಪದವೂ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಟಿಬೆಟಿನ ಮುದುಕಿ ಜಪಮಣಿ ಎಣಿಸುತ್ತ ಇವಳನ್ನು ನೋಡಿ ನಕ್ಕಳು, ಇವಳೂ ನಕ್ಕಳು, ಅಷ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ ತೂಕಡಿಕೆ. ಆ ಅರೆನಿದ್ದೆಯಲ್ಲಿ ಮುಂದಿನ ಸೀಟಿನಲ್ಲಿ ಅಮ್ಮ ಕೂತಿದ್ದಳು. ಹೆರಳಿಗೆ ಕನಕಾಂಬರ, ಮುಖ ಕಿಟಕಿಯ ಕಡೆಗೆ. ಕಿಟಕಿಯಾಚೆ ರಸ್ತೆಯಿರಲಿಲ್ಲ, ಬರೀ ನೀರು. ಬಸ್ಸು ನೀರಿನ ಮೇಲೆ ಸದ್ದಿಲ್ಲದೆ ಹೋಗುತ್ತಿತ್ತು. ಎಚ್ಚರವಾದಾಗ ಕಂಡಕ್ಟರು ಅರಕಲಗೂಡು ಬಂತು ಎಂದು ಕೂಗುತ್ತಿದ್ದ.

ಮಳೆ ಹಿಂದೆ ಸರಿದ ಮೇಲೆ ಕಾಲುಬಾಯಿ ಜ್ವರದ ಲಸಿಕೆ ಶುರುವಾಯಿತು. ಮನೆಮನೆಗೂ ಹೋಗಿ ದನಗಳಿಗೆ ಚುಚ್ಚಬೇಕು, ಕಿವಿಯಲ್ಲಿ ನಂಬರಿನ ಓಲೆಯಿಲ್ಲದ ದನಕ್ಕೆ ಓಲೆ ಹಾಕಬೇಕು. ಹಾಗೆ ಹೋಗುತ್ತ ಒಂದು ದಿನ ಮಲ್ಲಿಪಟ್ಟಣದ ಆಚೆ, ಮುಳುಗಡೆಯವರ ಕಾಲೋನಿ ಎನ್ನುವ ಜಾಗಕ್ಕೆ ಬಂದಳು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟೆ ಕಟ್ಟಿದಾಗ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಬಂದವರ ಬೀದಿ ಅದು.

ಕೊನೆಯ ಮನೆ ಬೆಟ್ಟಮ್ಮನದು. ಬೆಟ್ಟಮ್ಮ ಎಲುಬು ತೊಗಲಿನ ಮುದುಕಿ, ಅವಳ ಹಸು ಮಾತ್ರ ಆನೆಯಂತಿತ್ತು. ಸೂಜಿ ಕಂಡದ್ದೇ ಅದು ಹಗ್ಗ ಜಗ್ಗಿ ಕೊಟ್ಟಿಗೆಯನ್ನೇ ಅಲ್ಲಾಡಿಸಿತು. ಮಗ ಮನೋಹರ ಮೂಗುದಾರ ಹಿಡಿದರೂ ಆಗಲಿಲ್ಲ. ಬೆಟ್ಟಮ್ಮ ಅವನನ್ನು ಪಕ್ಕಕ್ಕೆ ಸರಿಸಿ, ಹಸುವಿನ ಕುತ್ತಿಗೆ ತಬ್ಬಿ, ಅದರ ಕಿವಿಯಲ್ಲಿ ಏನನ್ನೋ ಗುನುಗತೊಡಗಿದಳು. ಹಸು ಕಿವಿ ನಿಲ್ಲಿಸಿ ಸುಮ್ಮನಾಯಿತು.

ಸಂಘಮಿತ್ರಾಳ ಕೈಯಲ್ಲಿ ಸೂಜಿ ಹಾಗೇ ಇತ್ತು. ಆ ಧಾಟಿ ಅವಳಿಗೆ ಗೊತ್ತಿತ್ತು. ಪದಗಳು ಹೊಳೆಯ ಕಲ್ಲಿನ ಹಾಗೆ ಸವೆದು ಬೇರೆ ಆಕಾರವಾಗಿದ್ದವು. ಆದರೆ ಏರುವ ಕಡೆ ಏರಿ, ಇಳಿಯುವ ಕಡೆ ಇಳಿಯುತ್ತಿದ್ದದ್ದು ತಾನು ಅಮ್ಮನ ಜೊತೆ ಹೇಳುತ್ತಿದ್ದ ತ್ರಿಸರಣವೇ. ಸಾಲಿನ ಕೊನೆಯ ‘ಗಚ್ಛಾಮಿ’ ಮುದುಕಿಯ ಬಾಯಲ್ಲಿ ‘ಗಚ್ಚವ್ವಾ’ ಆಗಿತ್ತು. ಒಂದು ಸಾಲು ಮುಗಿದು ಬೆಟ್ಟಮ್ಮ ಉಸಿರೆಳೆದುಕೊಂಡಾಗ, ಸಂಘಮಿತ್ರಾಳ ಬಾಯಿಂದ ಮುಂದಿನ ಸಾಲು ತಾನಾಗಿ ಬಂತು.

ಬೆಟ್ಟಮ್ಮ ತಿರುಗಿ ನೋಡಿದಳು. "ನಿಂಗೆ ಇದು ಎಂಗ್ ಗೊತ್ತು ಮಗ?"

"ನಮ್ಮಮ್ಮ ಹೇಳಿಕೊಟ್ಟದ್ದು ಅಜ್ಜಿ. ನಿಮಗೆ?"

ಆವತ್ತು ಉಳಿದ ದನಗಳಿಗೆ ಲಸಿಕೆ ತಡವಾಯಿತು. ಜಗಲಿಯ ಮೇಲೆ ಕೂತು ಬೆಟ್ಟಮ್ಮ ಹೇಳಿದಳು. ಅವಳ ಊರು ಹೊಂಗೆಕೊಪ್ಪಲು, ಈಗ ನೀರಿನ ಅಡಿಯಲ್ಲಿದೆ. ಅವಳು ಲಂಗ ಹಾಕುವ ವಯಸ್ಸಿನಲ್ಲಿ ಎಲ್ಲಿಂದಲೋ ನಡೆದುಕೊಂಡು ಒಬ್ಬ ಭಿಕ್ಷು ಬಂದಿದ್ದ. ಹೊಳೆ ತುಂಬಿದ್ದರಿಂದ ಮುಂದೆ ಹೋಗಲಾರದೆ ಒಂದು ಮಳೆಗಾಲ ಪೂರ್ತಿ ಅವರ ಕೇರಿಯಲ್ಲೇ ಉಳಿದ. ಅವರ ಮನೆಗಳಲ್ಲಿ ಉಂಡ, ಅವರ ಚಾಪೆಯ ಮೇಲೆ ಮಲಗಿದ. ಆಗಿನ ಕಾಲಕ್ಕೆ ಅದೇ ದೊಡ್ಡ ಆಶ್ಚರ್ಯ. ಹುಣ್ಣಿಮೆ ದಿನ ಎಲ್ಲರನ್ನೂ ಹೊಳೆದಂಡೆಗೆ ಕರೆದುಕೊಂಡು ಹೋಗಿ ಕೂರಿಸಿ ಈ ಹಾಡು ಹೇಳಿಕೊಟ್ಟ. ನೀರು ಇಳಿದ ಮೇಲೆ ಹೊರಟುಹೋದ. ಹತ್ತು ವರ್ಷಕ್ಕೆ ಊರೇ ಹೋಯಿತು. ಒಬ್ಬೊಬ್ಬರು ಒಂದೊಂದು ಕಡೆ ಆದರು. ಅವಳ ತಮ್ಮ ದೇವಯ್ಯ ಹೊಳೆನರಸೀಪುರ ಸೇರಿದ. ಆದರೂ ಪ್ರತಿ ಹುಣ್ಣಿಮೆಗೆ ಕೈಲಾದವರು ಬಂದು ಹಿನ್ನೀರಿನ ದಡದಲ್ಲಿ ಕೂರುತ್ತಾರೆ. ನೋಡಿದವರು ಮೀನು ಹಿಡಿಯಲು ಕೂತಿದ್ದಾರೆ ಎಂದುಕೊಳ್ಳುತ್ತಾರೆ.

ತಾನೂ ಬರಬಹುದೇ ಎಂದು ಸಂಘಮಿತ್ರಾ ಕೇಳಿದಳು.

"ಬಾ. ದಡ ಏನ್ ನಂದಾ?" ಎಂದಳು ಬೆಟ್ಟಮ್ಮ.

ಕಾರ್ತಿಕದ ಹುಣ್ಣಿಮೆಗೆ ಮನೋಹರನ ಲಗೇಜು ಆಟೊದಲ್ಲಿ ಹೋದರು. ಹಿನ್ನೀರು ತುಂಬಿ ನಿಂತಿತ್ತು. ದೂರದಲ್ಲಿ ಶೆಟ್ಟಿಹಳ್ಳಿಯ ಪಾಳು ಚರ್ಚು ಸೊಂಟದವರೆಗೆ ನೀರಿನಲ್ಲಿ ನಿಂತು, ಯಾವುದೋ ಹಡಗು ಬಂದ ದಾರಿ ಮರೆತು ಅಲ್ಲೇ ಉಳಿದ ಹಾಗೆ ಕಾಣುತ್ತಿತ್ತು. ಅದನ್ನು ನೋಡಲು ಬಂದವರ ಗದ್ದಲ ಇವರ ದಡಕ್ಕೆ ಕೇಳುತ್ತಿರಲಿಲ್ಲ. ಏಳೆಂಟು ಜನ, ಬಹುಪಾಲು ತಲೆ ನೆರೆತವರು. ಹೊತ್ತು ಮುಳುಗುವಾಗ ಕೂತರು. ಯಾರೂ ಬೆನ್ನು ನೆಟ್ಟಗಿಡಿ ಎನ್ನಲಿಲ್ಲ. ಚಂದ್ರ ಎದ್ದು ನೀರಿಗೆ ಬಿದ್ದ ಮೇಲೆ ಬೆಟ್ಟಮ್ಮ ಶುರುಮಾಡಿದಳು, ಮಿಕ್ಕವರು ಸೇರಿಕೊಂಡರು. ಹಾಡು ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿ, ತಣ್ಣಗಿರಲಿ ಎಂದರು. ದೇವಯ್ಯ ತನ್ನ ಸೊಸೆಯ ಹೆಸರು ಹೇಳಿದ. ಮನೋಹರ ತನ್ನ ಜೊತೆ ಜಗಳವಾಡಿದ್ದ ಇನ್ನೊಬ್ಬ ಆಟೊದವನ ಹೆಸರು ಹೇಳಿದ. ಬೆಟ್ಟಮ್ಮ ಹಸುವಿನ ಹೆಸರು ಹೇಳಿದಳು. ಸಂಘಮಿತ್ರಾಳ ಸರದಿ ಬಂದಾಗ ಅಮ್ಮನ ಹೆಸರು ಬಾಯಿಗೆ ಬರಲಿಲ್ಲ. ಯಾರೂ ಕಾಯುತ್ತಿರುವಂತೆ ತೋರಿಸಿಕೊಳ್ಳಲಿಲ್ಲ. ನೀರು ದಡವನ್ನು ಮೆಲ್ಲಗೆ ನೆಕ್ಕುತ್ತಿತ್ತು.

ಮಹಡಿಯ ಕೋಣೆಯಲ್ಲಿ ಅವಳು ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಮಲಗಿದಳು. ಎಡವಟ್ಟು ಆದದ್ದು ಆಮೇಲೆ. ಹಾಡಿನ ಪದಗಳು ತಪ್ಪಾಗಿವೆಯಲ್ಲ, ಗೊತ್ತಿದ್ದೂ ಸುಮ್ಮನಿರುವುದು ಸರಿಯೇ ಎಂದು ಅವಳಿಗೆ ಅನಿಸತೊಡಗಿತು. ದೇವಯ್ಯನೂ ನೀನು ಓದಿದವಳು, ತಿದ್ದಿಕೊಡು ಎಂದ. ಮುಂದಿನ ಎರಡು ಹುಣ್ಣಿಮೆ ಅವಳು ಪಾಲಿ ಪದಗಳನ್ನು ಒಂದೊಂದಾಗಿ ಬಿಡಿಸಿ ಹೇಳಿಕೊಟ್ಟಳು. ಎಲ್ಲರೂ ಶಾಲೆಯ ಮಕ್ಕಳಂತೆ ಅವಳ ತುಟಿಯನ್ನೇ ನೋಡುತ್ತ ಹೇಳಿದರು. ಮಹಾಪ್ರಾಣ ಸಿಗದೆ ತಡವರಿಸಿದರು, ನಾಚಿದರು. ಚಂದ್ರನ ಕಡೆ ಯಾರೂ ನೋಡಲಿಲ್ಲ. ಬೆಟ್ಟಮ್ಮ ಬಾಯಿ ತೆರೆಯಲಿಲ್ಲ. ಮಾಘದ ಹುಣ್ಣಿಮೆಗೆ ಮಂಡಿನೋವು ಎಂದು ಬರಲೇ ಇಲ್ಲ. ಅವಳಿಲ್ಲದೆ ದಡದಲ್ಲಿ ಕೂತಾಗ ಪದಗಳೆಲ್ಲ ಸರಿಯಾಗಿದ್ದವು. ಆದರೆ ಅವು ಇವರ ಸುತ್ತ ಎಲ್ಲೂ ಇಳಿಯದೆ ನೀರಿನ ಮೇಲೆ ಹಾದುಹೋಗುತ್ತಿವೆ ಎನಿಸಿತು.

ಮಾರನೆಯ ದಿನ ಸಂಜೆ ಸಂಘಮಿತ್ರಾ ಕಾಲೋನಿಗೆ ಹೋದಳು. ಬೆಟ್ಟಮ್ಮ ಹುರುಳಿ ಕೇರುತ್ತಿದ್ದಳು, ಮಂಡಿ ಚೆನ್ನಾಗಿಯೇ ಇತ್ತು.

ನನ್ನಿಂದ ತಪ್ಪಾಯ್ತಾ ಅಜ್ಜಿ ಎಂದು ಕೇಳಿದಳು.

ಬೆಟ್ಟಮ್ಮ ಮೊರ ಕೆಳಗಿಟ್ಟಳು. "ನೀನ್ ಏಳ್ಕೊಡೋದು ಸರಿಯಾಗೇ ಐತೆ ಕಣವ್ವ. ನಾನೇನ್ ಇಲ್ಲ ಅನ್ನಕ್ಕಿಲ್ಲ. ಆದ್ರೆ ಅದ್ರಾಗೆ ಅವ್ವ ಇಲ್ಲ."

ಸಂಘಮಿತ್ರಾಗೆ ಅರ್ಥವಾಗಲಿಲ್ಲ. ಬೆಟ್ಟಮ್ಮ ಬಿಡಿಸಿ ಹೇಳಿದಳು. ಆ ಹಾಡು ತಾಯಿಯನ್ನು ಕರೆಯುವ ಹಾಡು ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಸಾಲಿನ ಕೊನೆಗೆ ಅವ್ವಾ ಎಂದಾಗ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮುಚ್ಚಿದ ಕಣ್ಣಿನೊಳಗೆ ಅವ್ವ ಬರುತ್ತಿದ್ದಳು, ಅವ್ವನ ಹಿಂದೆ ಕೇರಿ ಬರುತ್ತಿತ್ತು, ಹೊಂಗೆಮರಗಳು, ಹೊಳೆಗೆ ಇಳಿಯುವ ಕಲ್ಲು, ಒಲೆಯ ಹೊಗೆ.

"ನೀನ್ ಏಳ್ದಂಗ್ ಏಳಿದ್ರೆ ಏನೂ ಕಾಣಾಕಿಲ್ಲ ಮಗ. ನೀರೇ ಕಾಣ್ತದೆ."

ಹಸು ಮೆಲುಕು ಹಾಕುತ್ತಿತ್ತು. ಆಮೇಲೆ ಸಂಘಮಿತ್ರಾ, ನೀವು ಹಾಡಿ ಅಜ್ಜಿ, ನಾನು ಹಿಂದೆ ಹೇಳುತ್ತೇನೆ ಎಂದಳು. ಬೆಟ್ಟಮ್ಮ ಹಾಡಿದಳು. ಎದುರು ಸಾಲಿನ ಕೊನೆಗೆ ಸಂಘಮಿತ್ರಾಳೂ ಅವ್ವಾ ಎಂದಳು. ಕಣ್ಣು ಮುಚ್ಚಿತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಅಮ್ಮ ಈಗ ತಿರುಗಿ, ನಿದ್ದೆ ಮಾಡಿದೆಯಾ ಎಂದು ಕೇಳಿದ ಹಾಗಾಯಿತು. ಕಣ್ಣೀರು ಬಂತು, ತಡೆಯಲಿಲ್ಲ. ಬೆಟ್ಟಮ್ಮ ಅವಳ ತಲೆಯ ಮೇಲೆ ಹುರುಳಿಯ ದೂಳು ಮೆತ್ತಿದ ಕೈ ಇಟ್ಟು, ಆ ಸಾಲಿನ ನಿಜವಾದ ಅರ್ಥ ಏನೆಂದು ಕೇಳಿದಳು. ಶರಣು ಹೋಗುತ್ತೇನೆ ಅಂತ ಅಜ್ಜಿ ಎಂದಳು. ಬೆಟ್ಟಮ್ಮ ಅದನ್ನು ತೂಗಿ ನೋಡುವವಳಂತೆ ತಲೆಯಾಡಿಸಿ, ಎರಡೂ ಒಂದೇ ಬಿಡು ಎಂದಳು. ಮುಂದಿನ ಹುಣ್ಣಿಮೆಯಿಂದ ಹಾಡು ಹಳೆಯ ಹಾಗೇ ನಡೆಯಿತು.

ವೈಶಾಖ ಹತ್ತಿರವಾದಾಗ ನೀರು ತೀರ ಇಳಿಯಿತು. ಹೊಂಗೆಕೊಪ್ಪಲಿನ ನೆಲ ಎದ್ದಿದೆ, ಈ ಸಲ ಊರೊಳಗೇ ಕೂರಬಹುದು ಎಂದು ಮನೋಹರ ಫೋನು ಮಾಡಿದ. ಸಂಘಮಿತ್ರಾ ಮೆಟ್ಟಿಲಿನ ಮೇಲೆ ನಿಂತು ಮಾತಾಡುತ್ತಿದ್ದಳು. ಫೋನು ಇಟ್ಟು ನೋಡಿದರೆ ಕೆಳಗೆ ರೇವಮ್ಮ ನಿಂತಿದ್ದರು.

"ಯಾವೂರಂದೆ?"

ಹೊಂಗೆಕೊಪ್ಪಲು ಎಂದಳು. ರೇವಮ್ಮ ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತರು. ಅವರು ಹುಟ್ಟಿದ್ದು ಅಲ್ಲಿ, ಮೇಲ್ಬೀದಿಯಲ್ಲಿ. ಅರಕಲಗೂಡಿಗೆ ಮದುವೆಯಾಗಿ ಬಂದ ಮರುವರ್ಷ ತವರು ನೀರಿಗೆ ಹೋಯಿತು. ಗಂಡ ಬದುಕಿರುವವರೆಗೂ ಆ ಕಡೆ ಕರೆದುಕೊಂಡು ಹೋಗಲಿಲ್ಲ. ನೋಡಿ ಅತ್ತುಕೊಳ್ಳುವುದು ಯಾಕೆ ಅನ್ನುತ್ತಿದ್ದರಂತೆ. ಅಲ್ಲಿಗೆ ಯಾರು ಹೋಗುತ್ತಾರೆ, ಯಾಕೆ ಎಂದೆಲ್ಲ ವಿಚಾರಿಸಿದರು. ಸಂಘಮಿತ್ರಾ ಏನನ್ನೂ ಮುಚ್ಚಿಡದೆ ಹೇಳಿದಳು, ಕೇರಿಯವರು ಎಂದೂ ಹೇಳಿದಳು. ರೇವಮ್ಮ ಎದ್ದು ಒಳಗೆ ಹೋದರು. ಹುಣ್ಣಿಮೆಯ ದಿನ ಮಧ್ಯಾಹ್ನ ಅವಳು ಇಳಿದು ಬಂದಾಗ, ಒಗೆದ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು.

"ನಾನೂ ಬರ್ತೀನಿ ಕಣಮ್ಮ. ಅವರೇನಾದ್ರೂ ಅಂದ್ಕೋತಾರಾ?"

ಹಿನ್ನೀರು ಬಿಟ್ಟುಹೋದ ನೆಲ ಬಿರುಕು ಬಿಟ್ಟು, ಬಿರುಕುಗಳಲ್ಲಿ ಎಳೆಯ ಹುಲ್ಲು ಬಂದಿತ್ತು. ಅಲ್ಲಲ್ಲಿ ತಳಪಾಯದ ಕಲ್ಲುಗಳು, ಕೊಳೆತು ಕಪ್ಪಾದ ಮರದ ಬುಡಗಳು, ಒಂದು ಒಡೆದ ಒರಳು. ಸಂಜೆಯ ಬೆಳಕು ಎಲ್ಲದರ ಮೇಲೂ ಒಂದೇ ಸಮ ಬಿದ್ದಿತ್ತು. ಬೆಟ್ಟಮ್ಮ ಗೋಣಿಚೀಲ ಹಾಸಿ ಹಲಸಿನ ಹಣ್ಣು ಹೆಚ್ಚುತ್ತಿದ್ದಳು. ರೇವಮ್ಮ ಮನೋಹರನ ತೋಳು ಹಿಡಿದು ಇಳಿದು ಬಂದದ್ದನ್ನು ನೋಡಿ, ಎಣ್ಣೆ ಕೈ ಹಾಗೇ ಎತ್ತಿಕೊಂಡು ಎದ್ದಳು.

"ಮೇಲ್ಬೀದಿ ಗೌರೀಶಂಕರಪ್ಪನೋರ ಮಗಳಲ್ವಾ?"

ರೇವಮ್ಮ ಬಹಳ ಹೊತ್ತು ಅವಳ ಮುಖ ನೋಡಿದರು. "ಬೆಟ್ಟಿ," ಎಂದರು. ಕೂಡಲೇ ತಿದ್ದಿಕೊಂಡು, "ಬೆಟ್ಟಮ್ಮ," ಎಂದರು. "ಬಾವಿ ಹತ್ರ ಕೊಡ ಇಟ್ಕೊಂಡು ದೂರ ನಿಂತಿರ್ತಿದ್ದೆ ನೀನು. ಯಾರಾದ್ರೂ ನೀರು ಹುಯ್ಯಲಿ ಅಂತ."

"ಊ ಕಣ್ರವ್ವ. ನೀವೂ ಒಂದೆರಡು ಕಿತ ಉಯ್ದಿದ್ರಿ."

"ಹುಯ್ದಿದ್ನಾ?"

"ಉಯ್ದಿದ್ರಿ."

ಆ ಬಾವಿ ಎಲ್ಲಿತ್ತು ಎಂದು ಹುಡುಕಲು ಹೊರಟರು. ಹೂಳು ತುಂಬಿದ ನೆಲದಲ್ಲಿ ಅದರ ಗುರುತೇ ಇರಲಿಲ್ಲ. ಮೇಲ್ಬೀದಿ ಇಲ್ಲಿತ್ತು ಎಂದು ರೇವಮ್ಮ ಕೈತೋರಿಸಿದರು. ಇಲ್ಲ, ಅದು ಕೇರಿ, ಮೇಲ್ಬೀದಿ ಆ ಬುಡಗಳ ಆಚೆ ಎಂದಳು ಬೆಟ್ಟಮ್ಮ. ದೇವಯ್ಯ ಎರಡೂ ತಪ್ಪು ಎಂದು ಇನ್ನೊಂದು ಕಡೆ ತೋರಿಸಿದ. ಮೂವರೂ ಕಲ್ಲಿಂದ ಕಲ್ಲಿಗೆ ನಡೆದು, ವಾದ ಮಾಡಿ, ದಣಿದರು. ಒಂದು ತಳಪಾಯದ ಕಲ್ಲಿನ ಮೇಲೆ ರೇವಮ್ಮ ಕೂತುಬಿಟ್ಟರು. ಇದು ಯಾರ ಮನೆಯೋ ಏನೋ ಎಂದರು.

"ನಮ್ದೇ ಇರ್ಬೇಕು," ಎಂದಳು ಬೆಟ್ಟಮ್ಮ ಮೆಲ್ಲಗೆ.

ರೇವಮ್ಮ ಏಳಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಂಡು ಇನ್ನಷ್ಟು ಸರಿದು ಪಕ್ಕದಲ್ಲಿ ಜಾಗ ಬಿಟ್ಟರು. ಬೆಟ್ಟಮ್ಮ ಬಂದು ಕೂತಳು. ಚಂದ್ರ ಎದ್ದ. ದೂರದಲ್ಲಿ ಚರ್ಚು ಈಗ ಬುಡದವರೆಗೂ ನೆಲದ ಮೇಲೆ ನಿಂತಿತ್ತು. ಹಾಡು ಶುರುವಾಯಿತು; ರೇವಮ್ಮನವರಿಗೆ ಅದು ಗೊತ್ತಿರಲಿಲ್ಲ, ಸುಮ್ಮನೆ ಕೇಳಿದರು. ಹೆಸರು ಹೇಳುವ ಹೊತ್ತಿಗೆ ಸಂಘಮಿತ್ರಾ ಅಮ್ಮನ ಹೆಸರು ಹೇಳಿ ತಣ್ಣಗಿರಲಿ ಎಂದಳು. ಹೋದವರಿಗೂ ಹೇಳಬಹುದಾ ಎಂದು ರೇವಮ್ಮ ಕೇಳಿದರು. ಯಾರು ಬೇಡ ಅಂತಾರೆ ಎಂದಳು ಬೆಟ್ಟಮ್ಮ. ರೇವಮ್ಮ ಮೇಲ್ಬೀದಿಯ ಒಂದೊಂದೇ ಮನೆಯವರ ಹೆಸರು ಹೇಳತೊಡಗಿದರು. ನೆನಪಾಗದ ಕಡೆ ಬೆಟ್ಟಮ್ಮ ಹೆಸರು ಎತ್ತಿಕೊಟ್ಟಳು.

ಆಮೇಲೆ ಎಲ್ಲರೂ ಒಂದೇ ಗೋಣಿಚೀಲದ ಸುತ್ತ ಕೂತು ಹಲಸಿನ ತೊಳೆ ತಿಂದರು. ಅಂಟು ಕೈಗೆ ಮೆತ್ತಿದಾಗ ಬೆಟ್ಟಮ್ಮ ಎಣ್ಣೆಯ ಬಟ್ಟಲು ಚಾಚಿದಳು, ರೇವಮ್ಮ ಅದರಲ್ಲಿ ಬೆರಳು ಅದ್ದಿಕೊಂಡರು. ದಡ ಹತ್ತುವಾಗ ಒಂದು ಕಡೆ ಸಂಘಮಿತ್ರಾ, ಇನ್ನೊಂದು ಕಡೆ ಮನೋಹರ ಅವರನ್ನು ಹಿಡಿದುಕೊಂಡಿದ್ದರು. ಅರ್ಧ ದಾರಿಯಲ್ಲಿ ನಿಂತು ಉಸಿರು ತಿರುಗಿಸಿಕೊಳ್ಳುತ್ತ ರೇವಮ್ಮ, ಬರುವ ಹುಣ್ಣಿಮೆಗೆ ನೀರು ಬಂದುಬಿಡುತ್ತದಲ್ಲವೇ ಎಂದು ಕೇಳಿದರು.

"ಬತ್ತದೆ ಕಣ್ರವ್ವ," ಎಂದ ಮನೋಹರ. "ಬಂದ್ರೆ ದಡದಾಗೆ ಕುಂತ್ಕತೀವಿ."